1864ಕ್ಕೇ ನಿಂತುಬಿಟ್ಟರೆ ಹೇಗೆ?

ನಾನು ಓದಿದ ಲೇಖನವೊಂದಕ್ಕೆ ಇದು ಉತ್ತರ. ಪ್ರಜಾಪ್ರಭುತ್ವದ ಸ್ವಾತಂತ್ರ್ಯ, ಸುಖಗಳಿಗೂ ಕಥೋಲಿಕ ಬೋಧನೆಗೂ ಎಣ್ಣೆ ಸೀಗೆಕಾಯಿ ಸಂಬಂಧ, ಕಥೋಲಿಕ ರಾಜ್ಯವೇ ಆದರ್ಶ, ಬಹುಸಂಖ್ಯಾತರ ಧರ್ಮವೇ ರಾಜ್ಯದ ಧರ್ಮವಾಗಲಿ ಎಂದು ಅದರ ಲೇಖಕರು ತೀರ್ಪು ಕೊಟ್ಟಿದ್ದಾರೆ. ಸಾಕ್ಷಿಗೆ ಪೋಪ್ ಒಂಬತ್ತನೆಯ ಪಯಸ್ ಅವರ 1864ರ ತಪ್ಪುಗಳ ಪಟ್ಟಿ, ಅಂದರೆ ಚರ್ಚು ತಪ್ಪೆಂದು ಖಂಡಿಸಿದ ಆಧುನಿಕ ವಿಚಾರಗಳ ಪಟ್ಟಿ. ಆ ಪಟ್ಟಿ ಇದ್ದದ್ದು ನಿಜ. ಅದಕ್ಕೂ ಮೊದಲು, 1832ರಲ್ಲಿ, ಪೋಪ್ ಹದಿನಾರನೆಯ ಗ್ರೆಗರಿ ಎಲ್ಲರಿಗೂ ಆತ್ಮಸಾಕ್ಷಿಯ ಸ್ವಾತಂತ್ರ್ಯ ಎಂಬುದನ್ನೇ ಹುಚ್ಚು ಎಂದಿದ್ದರು. ನಾನೂ ಕಥೋಲಿಕಳೇ, ಇದನ್ನು ಮುಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ. ಆದರೆ 1965ರ ಡಿಸೆಂಬರಿನಲ್ಲಿ ಜಗತ್ತಿನ ಕಥೋಲಿಕ ಬಿಷಪ್ಪರು ಸೇರಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆ, ಧಾರ್ಮಿಕ ಸ್ವಾತಂತ್ರ್ಯ ಮನುಷ್ಯನ ಘನತೆಯಲ್ಲೇ ಬೇರೂರಿದ ಹಕ್ಕು ಎಂದು ಸಾರಿತಲ್ಲ? ಲೇಖನದಲ್ಲಿ ಅದರ ಸುಳಿವೇ ಇಲ್ಲ!

ಸುಖದ ವಿಷಯದಲ್ಲಿ ಮಾತ್ರ ನಿಜವಾದ ತೊಡಕಿದೆ. 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆ ಸುಖವನ್ನು ಅರಸುವ ಹಕ್ಕನ್ನು ಸಾರಿತು, ಯಾವುದು ಸುಖ ಎಂದು ಹೇಳಲಿಲ್ಲ. ಹಣ, ಕೀರ್ತಿ, ಅಧಿಕಾರ, ಭೋಗ ಯಾವುದರಲ್ಲೂ ಪೂರ್ಣ ಸುಖವಿಲ್ಲ, ಅದಿರುವುದು ದೇವರ ದರ್ಶನದಲ್ಲಿ ಎಂದರು ಮಧ್ಯಯುಗದ ಕಥೋಲಿಕ ಚಿಂತಕ ಸಂತ ಥಾಮಸ್ ಅಕ್ವಿನಾಸ್. ನಾನೂ ಹಾಗೆಯೇ ನಂಬುತ್ತೇನೆ. ಅದನ್ನು ಕಾನೂನು ಮಾಡಿ ಹೇರಲು ಸರ್ಕಾರ ಹೊರಟರೆ ಮಾತ್ರ ವಿರೋಧಿಸುತ್ತೇನೆ.

ನಮ್ಮ ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ 1933ರಲ್ಲಿ ಅಡಿಗಲ್ಲು ಇಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರ್. ಅದು ಹಿಂದೂ ಅರಸರೊಬ್ಬರ ಔದಾರ್ಯ. ಇಂದು ನಾವು ಅಲ್ಲಿ ಬಲಿಪೂಜೆಗೆ (ಮಾಸ್) ಸೇರುವುದು ಯಾರ ಔದಾರ್ಯದಿಂದಲೂ ಅಲ್ಲ, ಸಂವಿಧಾನದ 25ನೆಯ ವಿಧಿ ಕೊಟ್ಟ ಹಕ್ಕಿನಿಂದ. ಬಹುಸಂಖ್ಯಾತರ ಧರ್ಮವೇ ರಾಜ್ಯದ ಧರ್ಮವಾಗಲಿ ಎಂಬ ಲೇಖಕರ ತರ್ಕವನ್ನು ಇಲ್ಲಿಗೆ ತಂದರೆ ನಮ್ಮ ಗತಿ ಏನಾದೀತು?