ಸ್ಪಷ್ಟನೆ: ಈಸ್ಟರ್ ಶೋಕದ ದಿನವಲ್ಲ

ಕೋಲಾರ, ಕೆಜಿಎಫ್ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "ಈಸ್ಟರ್ ಎಂದರೆ ಯೇಸು ಸತ್ತ ದಿನ. ಕ್ರೈಸ್ತ ಗೆಳೆಯರಿಗೆ ಶುಭಾಶಯ ಹೇಳಬೇಡಿ, ಬೇಜಾರಾಗುತ್ತೆ." ಕಳಿಸಿದವರ ಉದ್ದೇಶ ಒಳ್ಳೆಯದೇ. ವಿಷಯ ಮಾತ್ರ ತಪ್ಪು.

ಯೇಸುವನ್ನು ಶಿಲುಬೆಗೇರಿಸಿದ್ದನ್ನು ನೆನೆಯುವುದು ಗುಡ್ ಫ್ರೈಡೇ ದಿನ. ಶುಭಾಶಯ ಬೇಡ ಅನ್ನುವ ಮಾತು ಆ ದಿನಕ್ಕೆ ಸರಿ. ಈಸ್ಟರ್ ಬರುವುದು ಅದರ ಮುಂದಿನ ಭಾನುವಾರ. 2026ರಲ್ಲಿ ಏಪ್ರಿಲ್ 3 ಗುಡ್ ಫ್ರೈಡೇ, 5 ಈಸ್ಟರ್.

ಬೈಬಲ್‌ನಲ್ಲಿ ಲೂಕನ ಸುವಾರ್ತೆಯ 24ನೇ ಅಧ್ಯಾಯ ನೋಡಿ. ಸುಗಂಧದ್ರವ್ಯ ಹಿಡಿದು ಬೆಳಗಿನ ಜಾವ ಸಮಾಧಿಗೆ ಹೋದ ಹೆಂಗಸರಿಗೆ ಕಂಡದ್ದು ಪಕ್ಕಕ್ಕೆ ಉರುಳಿದ್ದ ಕಲ್ಲು. ಒಳಗೆ ದೇಹವೇ ಇರಲಿಲ್ಲ. ಯೇಸು ಎದ್ದು ಬಂದರು, ಹಾಗಾಗಿ ಸಾವೇ ಕೊನೆಯಲ್ಲ, ತಮಗೂ ಹೊಸ ಬದುಕುಂಟು ಅನ್ನುವುದು ಕ್ರೈಸ್ತರ ನಂಬಿಕೆ. ಈಸ್ಟರ್ ಅದರ ಹಬ್ಬ.

ಕ್ಯಾಥೊಲಿಕ್ ಚರ್ಚ್‌ಗಳಲ್ಲಿ ಹಿಂದಿನ ರಾತ್ರಿ ದೀಪ ಆರಿಸಿ, ಹೊರಗೆ ಬೆಂಕಿ ಹೊತ್ತಿಸಿ, ಆ ವರ್ಷದ ಅಂಕಿ ಇರುವ ದೊಡ್ಡ ಮೇಣದಬತ್ತಿ ಹಚ್ಚುತ್ತಾರೆ. ಅದರಿಂದ ಒಬ್ಬರಿಂದ ಒಬ್ಬರಿಗೆ ಕೈಯಲ್ಲಿರುವ ಬತ್ತಿಗಳು ಹತ್ತಿಕೊಳ್ಳುತ್ತವೆ. ತಪಸ್ಸು ಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ಮಾಂಸ ಬಿಟ್ಟಿದ್ದವರ ಮನೆಯಲ್ಲಿ ಮರುದಿನ ಬಿರಿಯಾನಿ ಬೇರೆ! ಶೋಕದ ದಿನ ಹೀಗಿರಲ್ಲ, ಅಲ್ವಾ?

ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ. ಭಾನುವಾರ ಧಾರಾಳವಾಗಿ ಹ್ಯಾಪಿ ಈಸ್ಟರ್ ಹೇಳಿ.