ಸತ್ಯಾಂಶ: ಪೇಸ್ಟಿನಲ್ಲಿರುವ ಫ್ಲೋರೈಡ್ ವಿಷವೇ?

ಪಾವಗಡದ ಮಕ್ಕಳ ಹಲ್ಲು ಕೆಡಿಸಿದ ಫ್ಲೋರೈಡ್ ನಿಮ್ಮ ಪೇಸ್ಟಿನಲ್ಲೂ ಇದೆ, ಇಂದೇ ಬಿಸಾಡಿ ಎನ್ನುವ ಸಂದೇಶ ವಾಟ್ಸಾಪಿನಲ್ಲಿ ಓಡಾಡುತ್ತಿದೆ.

ಪಾವಗಡದ ನೋವು ನಿಜ. ಅಲ್ಲಿ, ಕೋಲಾರ, ಬಾಗೇಪಲ್ಲಿ ಕಡೆಗಳಲ್ಲೂ, ಬಂಡೆಯಿಂದ ಕರಗಿದ ಫ್ಲೋರೈಡ್ ಹಲವು ಕೊಳವೆಬಾವಿಗಳಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮಿತಿ ಮೀರಿದೆ. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಆ ನೀರು ಕುಡಿದರೆ ಹಲ್ಲು ಕಂದುಗಟ್ಟುತ್ತದೆ. ವರ್ಷಗಟ್ಟಲೆ ಕುಡಿದವರ ಕೀಲುಗಳು ಬಿಗಿಯುತ್ತವೆ. ಆ ಊರುಗಳಿಗೆ ತುರ್ತಾಗಿ ಬೇಕಿರುವುದು ಶುದ್ಧ ನೀರು.

ಪೇಸ್ಟನ್ನು ನಾವು ಕುಡಿಯುವುದಿಲ್ಲ, ಉಗುಳುತ್ತೇವೆ. ಅದರ ಕೆಲಸವೆಲ್ಲ ಹಲ್ಲಿನ ಮೇಲ್ಮೈಯಲ್ಲಿ. ಸಿಹಿ ತಿಂದಾಗ ಬಾಯಿಯ ಬ್ಯಾಕ್ಟೀರಿಯಾಗಳು ಆಮ್ಲ ಉತ್ಪಾದಿಸುತ್ತವೆ. ಆಮ್ಲ ಹೆಚ್ಚಿದಷ್ಟೂ ಇಳಿಯುವ ಅಳತೆಯಾದ ಪಿಎಚ್ ಸುಮಾರು 5.5ಕ್ಕಿಂತ ಇಳಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್‌ನ ಕ್ಯಾಲ್ಸಿಯಂ, ಫಾಸ್ಫೇಟ್ ಕರಗಿ ಹೊರಡುತ್ತವೆ. ಆಮೇಲೆ ಜೊಲ್ಲು ಅವನ್ನು ಮರಳಿ ತುಂಬಿಸುತ್ತದೆ. ಫ್ಲೋರೈಡ್ ಇದ್ದರೆ ಈ ತುಂಬಿಕೆ ಬೇಗ ಆಗುತ್ತದೆ, ಹೊಸದಾಗಿ ಕೂತ ಪದರ ಆಮ್ಲಕ್ಕೆ ಸುಲಭವಾಗಿ ಜಗ್ಗುವುದಿಲ್ಲ. ಗುಳಿ ಬಿದ್ದ ಮೇಲೆ ಮಾತ್ರ ಪೇಸ್ಟ್ ಅದನ್ನು ಮುಚ್ಚಲಾರದು.

ಪೇಸ್ಟ್ ನುಂಗುವ ಪುಟ್ಟ ಮಕ್ಕಳ ವಿಷಯದಲ್ಲಿ ಎಚ್ಚರ ಬೇಕೇ ಬೇಕು. ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು ಸಾಕು. ಜಾಹೀರಾತಿನಂತೆ ಬ್ರಷ್ ತುಂಬ ಹಿಂಡಬೇಡಿ. ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಊರಿನವರು ಮಕ್ಕಳ ಪೇಸ್ಟ್ ಬಗ್ಗೆ ದಂತವೈದ್ಯರನ್ನು ಕೇಳಿ.