ಟೆಸ್ಟ್ ಓಡಿಸೋಕೆ ಡಾಕರ್ ಒಂದೇ ಯಾಕೆ?

ಹೋದ ತಿಂಗಳು ಒಂದು ಭಾನುವಾರ ಅಣ್ಣನ ಮಗ ಬೆಳಗಾವಿಯ ಟಿಳಕವಾಡಿಯ ನಮ್ಮ ಮನೆಗೆ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. "ಕಾಕಾ, ಟೆಸ್ಟ್ ಚಾಲೂನೇ ಆಗವಲ್ದು."

ಒಂದು ಓಪನ್ ಸೋರ್ಸ್ ಲೈಬ್ರರಿಯಲ್ಲಿ ಅವನಿಗೊಂದು ತಪ್ಪು ಸಿಕ್ಕಿತ್ತು. ನಾಲ್ಕೇ ಸಾಲಿನ ತಿದ್ದುಪಡಿ. ಕಳಿಸುವ ಮುಂಚೆ ಟೆಸ್ಟ್ ಓಡಿಸಬೇಕು ಅಂತ ಆ ಪ್ರಾಜೆಕ್ಟಿನ ನಿಯಮ. ಓಡಿಸಿದರೆ "ಡಾಕರ್ ಇಲ್ಲ" ಅಂತ ಮೊದಲ ಹೆಜ್ಜೆಯಲ್ಲೇ ನಿಂತುಬಿಡುತ್ತಿತ್ತು. ಡಾಕರ್ ಅಂದರೆ ಪ್ರೋಗ್ರಾಮನ್ನು ಅದಕ್ಕೆ ಬೇಕಾದ್ದೆಲ್ಲದರ ಜೊತೆ ಕಂಟೇನರ್ ಅನ್ನೋ ಪ್ರತ್ಯೇಕ ಡಬ್ಬಿಯಲ್ಲಿಟ್ಟು ಓಡಿಸುವ ಟೂಲ್. ಲ್ಯಾಪ್‌ಟಾಪ್ ಇಂಟರ್ನ್‌ಶಿಪ್‌ಗೆ ಕೊಟ್ಟದ್ದು, ರೂಟ್, ಅಂದರೆ ಇಡೀ ಮಷಿನಿನ ಮೇಲೆ ಪೂರ್ತಿ ಅಧಿಕಾರ ಕೊಡುವ ಪಾಸ್‌ವರ್ಡ್ ಇವನ ಹತ್ತಿರ ಇಲ್ಲ. ಕೊಡದಿದ್ದದ್ದು ಸರಿಯೇ. ಡಾಕರ್ ಬಳಸಲು ಅನುಮತಿ ಇರುವವರ ಗುಂಪಿಗೆ ಒಬ್ಬನನ್ನು ಸೇರಿಸುವುದೂ ಅವನ ಕೈಗೆ ರೂಟ್ ಕೊಡುವುದೂ ಹೆಚ್ಚುಕಮ್ಮಿ ಒಂದೇ.

ಆದರೆ ಲ್ಯಾಪ್‌ಟಾಪಿನಲ್ಲಿದ್ದದ್ದು ಫೆಡೋರಾ ಲಿನಕ್ಸ್. ಕಂಟೇನರ್ ಓಡಿಸುವ ಇನ್ನೊಂದು ಟೂಲ್ ಪಾಡ್‌ಮ್ಯಾನ್ ಅದರಲ್ಲಿ ಮೊದಲೇ ಕೂತಿತ್ತು. ಅದಕ್ಕೆ ರೂಟ್ ಬೇಡ, ಹಿಂದೆ ಸದಾ ಓಡುತ್ತಿರುವ ಡೀಮನ್ ಕೂಡ ಬೇಡ. ಡಾಕರ್‌ಗೆ ಕೊಡುವ ಕಮಾಂಡುಗಳನ್ನೇ ಬಹುಮಟ್ಟಿಗೆ ಕೊಡಬಹುದು. ಬೇರೆ ಪ್ರೋಗ್ರಾಮುಗಳು ಅದರ ಜೊತೆ ಮಾತಾಡುವ ಸಾಕೆಟ್ಟನ್ನು ಬಳಕೆದಾರನ ಹೆಸರಲ್ಲೇ ಚಾಲೂ ಮಾಡಿ, ಡಾಕರ್ ಹೋಸ್ಟ್ ಅನ್ನೋ ವೇರಿಯಬಲ್‌ಗೆ ಆ ವಿಳಾಸ ಕೊಟ್ಟೆವು. ಮುಗೀತು ಅಂದುಕೊಂಡೆ. ಇಲ್ಲ. ಟೆಸ್ಟ್ ಶುರು ಮಾಡುವ ಸ್ಕ್ರಿಪ್ಟಿನಲ್ಲಿ ಯಾರೋ ಡಾಕರ್ ಸಾಕೆಟ್ಟಿನ ದಾರಿಯನ್ನು ನೇರವಾಗಿ ಬರೆದಿಟ್ಟಿದ್ದರು. ಅದನ್ನು ತಿದ್ದಿದರೆ ಇಮೇಜಿನ, ಅಂದರೆ ಕಂಟೇನರ್ ತಯಾರಾಗುವ ಅಚ್ಚಿನ, ಹೆಸರು ತಕರಾರು ತೆಗೆಯಿತು. ಸುಮ್ನೆ "ಪೋಸ್ಟ್‌ಗ್ರೆಸ್" ಅಂತ ಡೇಟಾಬೇಸಿನ ಹೆಸರಷ್ಟೇ ಹೇಳಿದರೆ ಡಾಕರ್ ತನ್ನ ಹಬ್‌ಗೇ ಹೋಗಿ ತರುತ್ತದೆ. ಪಾಡ್‌ಮ್ಯಾನ್ ಯಾವ ರಿಜಿಸ್ಟ್ರಿಯಿಂದ (ಇಮೇಜುಗಳ ಗೋದಾಮು) ತರಲಿ ಅಂತ ಕೇಳಬಹುದು. ಅದೂ ಆದ ಮೇಲೆ ರ್ಯೂಕ್. ಟೆಸ್ಟಿಗೆ ಬೇಕಾದ ಕಂಟೇನರ್ ಎಬ್ಬಿಸುವ ಟೆಸ್ಟ್‌ಕಂಟೇನರ್ಸ್ ಲೈಬ್ರರಿ ಬಳಸಿದವರಿಗೆ ಇದು ಗೊತ್ತು. ಟೆಸ್ಟ್ ಮುಗಿದ ಮೇಲೆ ಉಳಿದ ಕಂಟೇನರ್‌ಗಳನ್ನು ಗುಡಿಸಿ ಹಾಕುವ ಪುಟ್ಟ ಕಂಟೇನರ್ ಅದು. ಅದಕ್ಕೆ ಸಾಕೆಟ್ ಮುಟ್ಟಲು ಅನುಮತಿ ಸಿಗಲಿಲ್ಲ. ಅದನ್ನು ಬಂದ್ ಮಾಡಿದೆವು, ಕಸ ನಾವೇ ಗುಡಿಸಿದೆವು. ಚಹಾ ಎರಡು ಸಲ ಆಗಿತ್ತು. ಕೊನೆಗೆ ಟೆಸ್ಟ್ ಎಲ್ಲಾ ಪಾಸ್.

ನೋಡಿ, ಡಾಕರ್ ಇಲ್ಲದ್ದು, ಸಾಕೆಟ್ಟಿನ ದಾರಿ, ಇಮೇಜಿನ ಹೆಸರು, ರ್ಯೂಕ್, ಈ ನಾಲ್ಕರಲ್ಲಿ ಒಂದೂ ಅವನ ತಿದ್ದುಪಡಿಗೆ ಸಂಬಂಧಪಟ್ಟದ್ದಲ್ಲ.

ನಮ್ಮ ಉದ್ಯಮಬಾಗದ ವರ್ಕ್‌ಶಾಪುಗಳಲ್ಲಿ 12 ಎಂಎಂ ಬೋಲ್ಟಿಗೆ 19 ಎಂಎಂ ಪಾನಾ ಹಾಕುತ್ತಾರೆ. ಪಾನಾ ಯಾವ ಕಂಪನಿಯದು ಅಂತ ಬೋಲ್ಟ್ ಕೇಳೋದಿಲ್ಲ. ಕಂಟೇನರ್‌ಗೂ ಇಂಥ ಅಳತೆ ಇದೆ. 2015ರಲ್ಲಿ ಓಪನ್ ಕಂಟೇನರ್ ಇನಿಶಿಯೇಟಿವ್ ಶುರುವಾಯಿತು, ಶುರು ಮಾಡಿದವರಲ್ಲಿ ಡಾಕರ್ ಕಂಪನಿಯೇ ಮುಂದಿತ್ತು. ಇಮೇಜ್ ಹೇಗಿರಬೇಕು, ಹೇಗೆ ಓಡಬೇಕು ಅನ್ನೋದರ 1.0 ಆವೃತ್ತಿ 2017ರಲ್ಲಿ ಬಂತು. ಅಳತೆ ಒಂದೇ ಮಾಡಿಕೊಂಡು, ಟೆಸ್ಟಿನಲ್ಲಿ ಮಾತ್ರ ಒಂದೇ ಕಂಪನಿಯ ಪಾನಾ ಬೇಕು ಅನ್ನೋದು ವಿಚಿತ್ರ ಅಲ್ವಾ?

ನನಗೆ ಡಾಕರ್ ಮೇಲೆ ಸಿಟ್ಟಿಲ್ಲ. 2013ರಲ್ಲಿ ಅದು ಬರದಿದ್ದರೆ ನಾವಿನ್ನೂ ಕಂಪ್ಯೂಟರಿನೊಳಗೆ ಇನ್ನೊಂದು ಇಡೀ ಕಂಪ್ಯೂಟರ್ ಓಡಿಸುವ ವರ್ಚುವಲ್‌ಬಾಕ್ಸ್ ಹೊತ್ತು ತಿರುಗುತ್ತಿದ್ದೆವು. ಡಾಕರನ್ನೂ ಈಗ ರೂಟ್ ಇಲ್ಲದೆ ಓಡಿಸಬಹುದು. ಆದರೆ 2021ರ ಆಗಸ್ಟ್‌ನಲ್ಲಿ ಡಾಕರ್ ಡೆಸ್ಕ್‌ಟಾಪಿನ ನಿಯಮ ಬದಲಾಯಿತು. 250ಕ್ಕಿಂತ ಜಾಸ್ತಿ ಜನ ಇರುವ ಅಥವಾ ವರ್ಷಕ್ಕೆ ಒಂದು ಕೋಟಿ ಡಾಲರ್‌ಗಿಂತ ಜಾಸ್ತಿ ಆದಾಯದ ಕಂಪನಿ ದುಡ್ಡು ಕೊಡಬೇಕು ಅಂದರು. ಅದು ಅವರ ಹಕ್ಕು. ಕಂಟೇನರ್ ಓಡಿಸುವ ಡಾಕರ್ ಎಂಜಿನ್ ಇವತ್ತಿಗೂ ಓಪನ್ ಸೋರ್ಸೇ. ಆದರೂ ಆಮೇಲೆ ಎಷ್ಟೋ ಜನ ಕೊಲಿಮಾ, ರ‍್ಯಾಂಚರ್ ಡೆಸ್ಕ್‌ಟಾಪ್, ಪಾಡ್‌ಮ್ಯಾನ್‌ನಂಥ ಬೇರೆ ಟೂಲುಗಳ ಕಡೆ ಹೊರಳಿದರು. ಅವರೆಲ್ಲ ನಾಳೆ ಪ್ಯಾಚ್ (ತಿದ್ದುಪಡಿ) ಕಳಿಸುವವರೇ.

ಪ್ರಾಜೆಕ್ಟ್ ನಡೆಸುವವರ ಕಷ್ಟವೂ ಗೊತ್ತಿದೆ. ಹಗಲು ನೌಕರಿ, ರಾತ್ರಿ ಈ ಕೆಲಸ. ಪ್ರತಿ ಟೂಲಿಗೂ ಉತ್ತರ ಕೊಡಿ ಅಂದರೆ ಬಿಟ್ಟು ಓಡಿಹೋಗುತ್ತಾರೆ. ಹಾಗಾಗಿ ಎಲ್ಲ ಟೂಲುಗಳಿಗೂ ಪೂರ್ತಿ ಬೆಂಬಲ ಕೊಡಿ ಅಂತ ನಾನು ಕೇಳೋದಿಲ್ಲ. ಸಾಕೆಟ್ಟಿನ ದಾರಿಯನ್ನು ವೇರಿಯಬಲ್‌ನಿಂದ ತಗೊಳ್ಳಿ. ಇಮೇಜಿನ ಪೂರ್ತಿ ಹೆಸರು ಬರೆಯಿರಿ. ಟೆಸ್ಟುಗಳನ್ನು ತಾನಾಗೇ ಓಡಿಸುವ ಸಿಐ ವ್ಯವಸ್ಥೆಯಲ್ಲಿ ವಾರಕ್ಕೊಮ್ಮೆ ಪಾಡ್‌ಮ್ಯಾನ್ ಮೇಲೂ ಟೆಸ್ಟ್ ಓಡಲಿ, ಫೇಲಾದರೆ ಬಿಡುಗಡೆ ನಿಲ್ಲಿಸಬೇಡಿ, ಗೊತ್ತಾದರೆ ಸಾಕು. "ಪಾಡ್‌ಮ್ಯಾನ್ ಕೂಡ ನಡೆಯುತ್ತದೆ" ಅಂತ ರೀಡ್‌ಮಿಯಲ್ಲಿ ಬರೆದು ಒಮ್ಮೆಯೂ ಓಡಿಸದೇ ಇರೋದಕ್ಕಿಂತ, ಬರೆಯದೇ ಇರೋದೇ ವಾಸಿ.

ಹುಡುಗನ ನಾಲ್ಕು ಸಾಲು ಎರಡೇ ದಿನದಲ್ಲಿ ಒಳಗೆ ಹೋಯಿತು. ಸಾಕೆಟ್ ದಾರಿಯ ತಿದ್ದುಪಡಿಯನ್ನು ಬೇರೆಯಾಗಿ ಕಳಿಸಿದ್ದಾನೆ. "ನಾವು ಡಾಕರ್ ಮಾತ್ರ ಬಳಸುತ್ತೇವೆ, ನೋಡೋಣ" ಅಂತ ಉತ್ತರ ಬಂದಿದೆ. ಮೂರು ವಾರ ಆಯಿತು, ಇನ್ನೂ ನೋಡುತ್ತಿದ್ದಾರೆ.